ಬಾಯಿ ನೋಡಿ ಕೊಳ್ಳುವ ಸಾಮಾನು

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಗೊತ್ತಾಗದೆ ಮುಂಗಡ ಕೊಡುವುದಿಲ್ಲ. ಅಂಥವರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಕೆರೆದು ನುಣುಪು ಮಾಡುವ ಕೀಸುಳಿ ಕೊಳ್ಳುವಾಗ ಹಿಡಿಯ ಪಾಲಿಶ್ ನೋಡಿ ದುಡ್ಡು ಎಣಿಸಿಬಿಡುತ್ತಾರೆ. ಕೀಸುಳಿಗೂ ತಳದಲ್ಲಿ ಸೀಳಿನಂಥ ಬಾಯಿ ಇದೆ, ಅದರಲ್ಲಿ ಅಲಗೆಂಬ ಒಂದೇ ಹಲ್ಲು. ಗುಣವೆಲ್ಲ ಇರುವುದು ಅಲ್ಲೇ.

ಇದನ್ನು ಕೆಲವರು ಹತ್ತರಿ ಎನ್ನುತ್ತಾರೆ. ಹಳೆಯ ಮರದ ಹತ್ತರಿಯಲ್ಲಿ ಅಲಗನ್ನು ಬೆಣೆ ಹಿಡಿದಿರುತ್ತದೆ. ಅಲಗಿನ ತಲೆಗೆ ಮೊಟಕಿದರೆ ಕೆಳಗಿಳಿಯುತ್ತದೆ, ಮೈಯ ಹಿಂಬದಿಗೆ ತಟ್ಟಿದರೆ ಮೇಲೇರುತ್ತದೆ. ಕೈ ಪಳಗಿದವರಿಗೆ ಅದಕ್ಕಿಂತ ಹಗುರವಾದದ್ದಿಲ್ಲ; ಮಳೆಗಾಲದಲ್ಲಿ ಮೈ ಉಬ್ಬಿ ಮುನಿಸಿಕೊಳ್ಳುತ್ತದೆ, ಅಷ್ಟೆ. ಇವತ್ತಿನ ಕಬ್ಬಿಣದ್ದರ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೈಲಿಯ ಕೊಡುಗೆ. ಅವನ ಪೇಟೆಂಟುಗಳನ್ನು ಸ್ಟಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಇವತ್ತು ಯಾರು ಮಾಡಿದ್ದನ್ನು ಬಿಚ್ಚಿದರೂ ಒಳಗೆ ಹೆಚ್ಚಾಗಿ ಬೈಲಿಯೇ ಕೂತಿರುತ್ತಾನೆ.

ಕಬ್ಬಿಣದ್ದನ್ನು ಗಾತ್ರದ ನಂಬರು ಹೇಳಿ ಮಾರುತ್ತಾರೆ. ನಂಬರ್ 4 ಎಂದರೆ ಒಂದು ಗೇಣಿಗಿಂತ ಸ್ವಲ್ಪ ಉದ್ದ, 2 ಇಂಚು ಅಗಲದ ಅಲಗು. ನಂಬರ್ 5 ಸುಮಾರು 14 ಇಂಚು, ನಂಬರ್ 7 ಸುಮಾರು 22. ಗಿಡ್ಡನೆಯದು ಹಲಗೆಯ ತಗ್ಗಿಗೂ ಇಳಿದು ನುಣುಪು ಮಾಡುತ್ತದೆ. ಉದ್ದನೆಯದು ಉಬ್ಬುಗಳ ಮೇಲೇ ನಡೆದು ಅವನ್ನು ಕತ್ತರಿಸಿ ನೇರ ಮಾಡುತ್ತದೆ. ಒಂದನ್ನೇ ಕೊಳ್ಳುವುದಾದರೆ 5 ವಾಸಿ.

ಅಂಗಡಿಯಲ್ಲಿ ಅದನ್ನು ತಲೆಕೆಳಗು ಮಾಡಿ. ತಳದ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಮೂತಿ, ಬಾಯಿಯ ಮುಂದಿನ ತುಟಿ, ಹಿಮ್ಮಡಿ, ಈ ಮೂರು ಕಡೆ ಸ್ಕೇಲು ತಾಗಲೇಬೇಕು. ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ತೊಂದರೆಯಿಲ್ಲ. ತುಟಿಯೇ ತಗ್ಗಾಗಿದ್ದರೆ ಮರವನ್ನು ಒತ್ತಿ ಹಿಡಿಯುವವರಿಲ್ಲದೆ ಎಳೆ ಕಿತ್ತು ಬರುತ್ತದೆ. ಸಣ್ಣ ದೋಷವಾದರೆ ದಪ್ಪ ಗಾಜಿನ ಮೇಲೆ 80, 120, 220 ನಂಬರಿನ ಮರಳು ಕಾಗದ ಅಂಟಿಸಿ ಉಜ್ಜಿದರೆ ಹೋಗುತ್ತದೆ. ಉಜ್ಜುವಾಗ ಅಲಗು ಒಳಗೆ ಸರಿದು ಬಿಗಿಯಾಗಿಯೇ ಇರಬೇಕು, ಏಕೆಂದರೆ ಆ ಬಿಗಿಗೆ ತಳ ಅಷ್ಟಿಷ್ಟು ಬಾಗುತ್ತದೆ.

ಆಮೇಲೆ ಅಲಗು ಬಿಚ್ಚಿ. ಅದಕ್ಕೆ ಒರಗಲು ಕೊಟ್ಟ 45 ಡಿಗ್ರಿಯ ಇಳಿಜಾರು ತುಂಡಿಗೆ ಫ್ರಾಗ್ ಎಂದು ಹೆಸರು, ಬಾಯೊಳಗೆ ಕಪ್ಪೆ! ಈ ಕಪ್ಪೆ ಅಲ್ಲಾಡದೆ ಕೂತಿರಬೇಕು, ಅದರ ಮುಖ ಸಮವಾಗಿ ಅರೆದಿರಬೇಕು. ಅಗ್ಗದ ಮಾಲಿನಲ್ಲಿ ಇಲ್ಲಿ ಬಣ್ಣದ ಗಂಟು ಸಿಗುತ್ತದೆ. ಗಂಟಿನ ಮೇಲೆ ಒರಗಿದ ಅಲಗು ಗಟ್ಟಿ ಮರ ಕಂಡೊಡನೆ ನಡುಗಿ, ಹಲಗೆಯ ಮೇಲೆ ಅಡ್ಡಗೆರೆ ಬರೆಯುತ್ತದೆ. ಬೈಯುವುದು ಮಾತ್ರ ಮರವನ್ನು.

ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ ಎಂಬ ಪಟ್ಟಿಯ ತುದಿ ಅಲಗಿಗೆ ಸಂದಿಲ್ಲದೆ ಅಂಟಬೇಕು. ಬೆಳಕು ಕಂಡರೆ ಅದೇ ಸಂದಿನಲ್ಲಿ ಮರದ ಸುರುಳಿ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ. ಒರಟು ಕೆಲಸಕ್ಕೆ ಇದನ್ನು ಅಲಗಿನ ತುದಿಯಿಂದ 1 ಮಿ.ಮೀ. ಹಿಂದಿಡಿ. ಹಲಸಿನಂತೆ ಎಳೆ ಅತ್ತಿತ್ತ ತಿರುಗುವ ಮರಕ್ಕೆ 0.2 ಮಿ.ಮೀ.ವರೆಗೂ ಮುಂದೆ ತರಬೇಕು. ಅಲಗನ್ನು 25 ಡಿಗ್ರಿಗೆ ಸಾಣೆ ಹಿಡಿದು, ತುದಿಯನ್ನಷ್ಟೇ 30ಕ್ಕೆ ಮಸೆದರೆ ಸಾಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಮೊನೆ ಬೇಗ ಸಾಯುತ್ತದೆ, ಅದಕ್ಕೆ ಅಂಗಡಿಯವನನ್ನು ದೂರಬೇಡಿ.

ಅಲಗನ್ನು ಏರಿಳಿಸುವ ಹಿತ್ತಾಳೆಯ ತಿರುಪು ಅರ್ಧ ಸುತ್ತು ಪೊಳ್ಳಾಗಿ ತಿರುಗಿದರೂ ಕ್ಷಮಿಸಬಹುದು. ಅಲಗನ್ನು ಒಮ್ಮೆ ಮೇಲೆತ್ತಿ, ಕೊನೆಯ ತಿರುವು ಕೆಳಮುಖವಾಗಿಯೇ ಇದ್ದರೆ ಕೆಲಸದ ನಡುವೆ ಅದು ಹಿಂದೆ ಸರಿಯುವುದಿಲ್ಲ. ಎರಕದ ಕಬ್ಬಿಣದ ಮೈ ಸಿಮೆಂಟು ನೆಲಕ್ಕೆ ಬಿದ್ದರೆ ಬಾಯಿಯ ಪಕ್ಕದಲ್ಲೇ ಬಿರಿಯುತ್ತದೆ. ಹಳೆಯದನ್ನು ಕೊಳ್ಳುವವರು ಅಲ್ಲಿ ಉಗುರು ಎಳೆದು ನೋಡಲಿ. ತುಕ್ಕನ್ನು ಉಜ್ಜಿ ಕಳೆಯಬಹುದು, ಬಿರುಕನ್ನಲ್ಲ.

ಇನ್ನು ಕೆಲಸದ ನಡುವೆ ಅದನ್ನು ಪಕ್ಕಕ್ಕೆ ಮಲಗಿಸಬೇಕೋ, ತಳದ ಮೇಲೆ ನಿಲ್ಲಿಸಬೇಕೋ ಎಂಬ ಜಗಳ. ಇಬ್ಬರು ಬಡಗಿಗಳು ಸೇರಿದಲ್ಲಿ ಅದನ್ನು ಎತ್ತದಿರುವುದೇ ಕ್ಷೇಮ.