ಯುರೇನಿಯಂ ಬಳಸಬೇಕೆ, ಬೇಡವೆ?

ಪರ: ಯಾವುದರ ಬದಲಿಗೆ ಎಂದು ಮೊದಲು ಕೇಳಿ

ಯುರೇನಿಯಂ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹಿರೋಶಿಮಾ, ಅದರ ಬೆನ್ನಿಗೇ ಚೆರ್ನೋಬಿಲ್. ಭಯಪಡಲು ಕಾರಣಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಈ ಲೋಹದ ಮೇಲೆ ತೀರ್ಪು ಕೊಡುವವರು ಸಾಮಾನ್ಯವಾಗಿ ಅದೊಂದನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕಲ್ಲಿದ್ದಲನ್ನೂ ನಿಲ್ಲಿಸಿ ವಿಚಾರಣೆ ನಡೆಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಸೀಳಿ ಶಾಖ ಕೊಡುವ ಯುರೇನಿಯಂ-235 ಎಂಬ ಬಗೆ ಇರುವುದು ಶೇ 0.7ರಷ್ಟು ಮಾತ್ರ. ಉಳಿದದ್ದು ಬಹುತೇಕ ಯುರೇನಿಯಂ-238. ಹೆಚ್ಚಿನ ರಿಯಾಕ್ಟರ್‌ಗಳಿಗೆ ಆ ಪ್ರಮಾಣವನ್ನು ಶೇ 3ರಿಂದ 5ಕ್ಕೆ ಏರಿಸಿ, ಬೆರಳ ತುದಿಯಷ್ಟಿರುವ ಬಿಲ್ಲೆಗಳನ್ನು ಮಾಡಿ ಲೋಹದ ಕೊಳವೆಗಳಲ್ಲಿ ತುಂಬುತ್ತಾರೆ. ಏಳು ಗ್ರಾಂ ತೂಗುವ ಇಂಥ ಒಂದು ಬಿಲ್ಲೆ ಸುಮಾರು ಒಂದು ಟನ್ ಕಲ್ಲಿದ್ದಲಿನಷ್ಟು ಶಾಖ ಕೊಡುತ್ತದೆ. ಸಾವಿರ ಮೆಗಾವಾಟ್‌ನ ಅಣು ಸ್ಥಾವರಕ್ಕೆ ವರ್ಷಕ್ಕೆ ಇಪ್ಪತ್ತೈದು ಟನ್ ಆಸುಪಾಸಿನ ಇಂಧನ ಸಾಕು. ಅದೇ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ ಸುಮಾರು 30 ಲಕ್ಷ ಟನ್ ಸುಡುತ್ತದೆ. ಯುರೇನಿಯಂನ ಉಳಿದ ಅನುಕೂಲಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು. ಬೂದಿಯ ಗುಡ್ಡವಿಲ್ಲ, ಹೊಗೆ ಕೊಳವೆಯಿಲ್ಲ, ದಿನವೂ ಬರಬೇಕಾದ ಗೂಡ್ಸ್ ರೈಲುಗಳಿಲ್ಲ. ಒಮ್ಮೆ ಇಂಧನ ತುಂಬಿದರೆ ಒಂದೂವರೆ ವರ್ಷ ನಿಶ್ಚಿಂತೆ.

ಇಂಗಾಲದ ಲೆಕ್ಕವೂ ಇದರ ಪರವಾಗಿಯೇ ಇದೆ. ಗಣಿಗಾರಿಕೆ, ಕಟ್ಟಡ, ವಿಲೇವಾರಿ ಎಲ್ಲವನ್ನೂ ಸೇರಿಸಿ ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ, ಅಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ ಹೊರಬೀಳುವುದು ಸುಮಾರು 12 ಗ್ರಾಂ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲಿನದಕ್ಕೆ 820. ಗಾಳಿ ವಿದ್ಯುತ್ತೂ ಹೆಚ್ಚುಕಡಿಮೆ ಅಣುವಿನ ಮಟ್ಟದಲ್ಲೇ ಇದೆ. ಆದರೆ ಗಾಳಿ ಬೀಸುವುದು ನಮ್ಮ ಅನುಕೂಲ ನೋಡಿಕೊಂಡಲ್ಲ.

ಇದು ಕಾಗದದ ಮೇಲಿನ ಆಸೆ ಎನ್ನುವವರು ಫ್ರಾನ್ಸ್ ಕಡೆ ನೋಡಲಿ. 1973ರ ತೈಲ ಬಿಕ್ಕಟ್ಟಿಗೆ ಬೆದರಿದ ಆ ದೇಶ 1974ರಲ್ಲಿ ಸರಣಿಯಾಗಿ ರಿಯಾಕ್ಟರ್ ಕಟ್ಟುವ ನಿರ್ಧಾರ ಮಾಡಿತು. ಒಂದೂವರೆ ದಶಕದಲ್ಲಿ ಅದರ ವಿದ್ಯುತ್ತಿನ ಮುಕ್ಕಾಲು ಪಾಲು ಯುರೇನಿಯಂನಿಂದ ಬರತೊಡಗಿತ್ತು. ಅವರು ಹವಾಮಾನ ಉಳಿಸಲು ಹೊರಟಿರಲಿಲ್ಲ. ಅರಬ್ ದೇಶಗಳ ಮುಂದೆ ಕೈಚಾಚುವುದನ್ನು ತಪ್ಪಿಸಿಕೊಳ್ಳಲು ನೋಡಿದರು, ಹವಾಮಾನಕ್ಕೆ ಬೇಡದೆಯೇ ಉಪಕಾರವಾಯಿತು. ಇತ್ತ ಜರ್ಮನಿ ತನ್ನ ಕೊನೆಯ ಮೂರು ರಿಯಾಕ್ಟರ್‌ಗಳನ್ನು 2023ರ ಏಪ್ರಿಲ್‌ನಲ್ಲಿ ಮುಚ್ಚಿತು. ಆಗ ಅದೇ ದೇಶದಲ್ಲಿ ಕಂದು ಕಲ್ಲಿದ್ದಲಿನ ಸ್ಥಾವರಗಳು ಉರಿಯುತ್ತಲೇ ಇದ್ದವು. ಯಾವುದನ್ನು ಮೊದಲು ಮುಚ್ಚಬೇಕಿತ್ತು ಎಂಬುದಕ್ಕೆ ನನಗಂತೂ ಎರಡು ಉತ್ತರ ಕಾಣುವುದಿಲ್ಲ.

ಅಪಘಾತಗಳ ಮಾತಿಗೆ ಬರೋಣ. 1986ರಲ್ಲಿ ಸ್ಫೋಟಿಸಿದ ಚೆರ್ನೋಬಿಲ್ ರಿಯಾಕ್ಟರಿಗೆ ಉಳಿದೆಡೆ ಇರುವಂಥ ಗಟ್ಟಿ ಕಾಂಕ್ರೀಟಿನ ಹೊರಕವಚವೇ ಇರಲಿಲ್ಲ. ಸ್ಫೋಟ ಮತ್ತು ತೀವ್ರ ವಿಕಿರಣದಿಂದ ಆರಂಭದ ತಿಂಗಳುಗಳಲ್ಲಿ ಸತ್ತವರು ಮೂವತ್ತರ ಆಸುಪಾಸು. ಕಾಲಕ್ರಮದಲ್ಲಿ ಒಟ್ಟು ಸಾವು 4,000ದವರೆಗೆ ಹೋಗಬಹುದು ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2005ರಲ್ಲಿ ಅಂದಾಜು ಮಾಡಿದವು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರ ಕೆಟ್ಟಾಗ ವಿಕಿರಣಕ್ಕಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಅವಸರದ ಸ್ಥಳಾಂತರ. ಇವು ಸಣ್ಣ ಸಂಖ್ಯೆಗಳಲ್ಲ. ಆದರೂ ಕಲ್ಲಿದ್ದಲಿನ ಹೊಗೆ ಯಾವ ಅಪಘಾತವೂ ಇಲ್ಲದೆ, ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗಲೇ, ವರ್ಷವರ್ಷವೂ ಲಕ್ಷಗಟ್ಟಲೆ ಜನರ ಆಯುಸ್ಸು ಕತ್ತರಿಸುತ್ತದೆ. ಅದು ಸುದ್ದಿಯಾಗುವುದಿಲ್ಲ.

ತ್ಯಾಜ್ಯದ ವಿಷಯದಲ್ಲಿ ನನ್ನದು ತುಸು ಮೊಂಡು ನಿಲುವು. ಅಣು ವಿದ್ಯುತ್ ಆರಂಭವಾದ 1954ರಿಂದ ಇಡೀ ಜಗತ್ತಿನ ಸ್ಥಾವರಗಳಿಂದ ಹೊರಬಂದ ಬಳಸಿದ ಇಂಧನ ನಾಲ್ಕು ಲಕ್ಷ ಟನ್ ಆಸುಪಾಸು. ಅದು ಘನರೂಪದಲ್ಲಿದೆ, ಎಣಿಕೆಗೆ ಸಿಗುತ್ತದೆ, ಎಲ್ಲಿದೆ ಎಂದು ಗೊತ್ತಿದೆ. ಗಾಳಿಗೆ ಬಿಟ್ಟ ಹೊಗೆಯ ಬಗ್ಗೆ ಈ ಮೂರರಲ್ಲಿ ಒಂದನ್ನೂ ಹೇಳಲಾಗದು. ಹೂತಿಟ್ಟರೆ ನಿಲ್ಲುತ್ತದೆಯೇ? ಆಫ್ರಿಕದ ಗ್ಯಾಬೊನ್‌ನ ಓಕ್ಲೊ ಎಂಬಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರು ಅಂತರ್ಜಲದ ನೆರವಿನಿಂದ ತಾನಾಗಿಯೇ ರಿಯಾಕ್ಟರಿನಂತೆ ಉರಿದಿತ್ತು. 1972ರಲ್ಲಿ ಇದು ಪತ್ತೆಯಾದಾಗ, ಆಗ ಹುಟ್ಟಿದ ಪ್ಲುಟೋನಿಯಂ ಮತ್ತು ಪರಮಾಣು ಸೀಳಿ ಉಂಟಾದ ಹಲವು ವಸ್ತುಗಳು ಇದ್ದ ಜಾಗದಿಂದ ಹೆಚ್ಚು ಕದಲಿಲ್ಲವೆಂದು ಕಂಡುಬಂತು. ಯಾವ ಎಂಜಿನಿಯರನೂ ಮುಟ್ಟದ ಬಂಡೆ ಮಾಡಿದ ಕೆಲಸವಿದು. ಫಿನ್ಲೆಂಡಿನವರು ಓಂಕಾಲೊದಲ್ಲಿ ಬಳಸಿದ ಇಂಧನವನ್ನು ತಾಮ್ರದ ಡಬ್ಬಿಗಳಲ್ಲಿಟ್ಟು 400 ಮೀಟರಿಗೂ ಆಳದ ಬಂಡೆಯಲ್ಲಿ ಹೂಳಲು ಸುರಂಗ ಕೊರೆದಿದ್ದಾರೆ.

ವೈದ್ಯಕೀಯ ಉಪಯೋಗವನ್ನು ಜನ ಮರೆತೇಬಿಡುತ್ತಾರೆ. ಹೃದಯದ ರಕ್ತಸಂಚಾರವನ್ನೋ ಮೂಳೆಗೆ ಹರಡಿದ ಕ್ಯಾನ್ಸರನ್ನೋ ಚಿತ್ರವಾಗಿ ತೋರಿಸುವ ಟೆಕ್ನೀಷಿಯಂ-99ಎಂ ಹುಟ್ಟುವುದು ಮಾಲಿಬ್ಡಿನಂ-99ರಿಂದ; ಅದು ಹೆಚ್ಚಾಗಿ ಸಿಗುವುದು ಯುರೇನಿಯಂ ಸೀಳಿದಾಗ. ಇವುಗಳ ಅರ್ಧಾಯುಷ್ಯ (ಅರ್ಧ ಪಾಲು ಕರಗಿಹೋಗಲು ಹಿಡಿಯುವ ಕಾಲ) ಕ್ರಮವಾಗಿ ಆರು ಗಂಟೆ ಮತ್ತು 66 ಗಂಟೆ, ಕೂಡಿಡಲು ಬರುವುದಿಲ್ಲ. 2009ರಲ್ಲಿ ಮಾಲಿಬ್ಡಿನಂ ತಯಾರಿಸುತ್ತಿದ್ದ ಕೆನಡಾದ ಚಾಕ್ ರಿವರ್‌ನ ಹಳೆಯ ರಿಯಾಕ್ಟರ್ ಕೆಟ್ಟು ತಿಂಗಳುಗಟ್ಟಲೆ ನಿಂತಾಗ ಹಲವು ದೇಶಗಳ ರೋಗಿಗಳು ಪರೀಕ್ಷೆಗಾಗಿ ಕಾಯಬೇಕಾಯಿತು.

ಬಾಂಬಿನ ಭಯ ತೋರಿಸುವವರಿಗೆ ಒಂದು ಸಂಗತಿ. 1993ರಿಂದ 2013ರವರೆಗೆ ರಷ್ಯಾ ತನ್ನ ಸಿಡಿತಲೆಗಳಿಂದ ತೆಗೆದ 500 ಟನ್ ಯುರೇನಿಯಂ ಅನ್ನು ದುರ್ಬಲಗೊಳಿಸಿ ಅಮೆರಿಕಕ್ಕೆ ಮಾರಿತು. ಸುಮಾರು 20,000 ಸಿಡಿತಲೆಗಳಿಗಾಗುವಷ್ಟು ಸರಕು ಅದು. ಯಾವ ನಗರಗಳತ್ತ ಅವು ಗುರಿಯಿಟ್ಟಿದ್ದವೋ ಅಲ್ಲಿನ ದೀಪಗಳನ್ನೇ ಉರಿಸಿದವು.

ವಿರೋಧ: ಸರಾಸರಿಯೊಳಗೆ ಕಾಣದವರು

ಕಲ್ಲಿದ್ದಲಿನ ಪಕ್ಕ ನಿಲ್ಲಿಸಿದರೆ ಯಾರು ತಾನೇ ಸಜ್ಜನರಾಗಿ ಕಾಣುವುದಿಲ್ಲ? ಪರವಾದಿಗಳ ಅಂಕಿಗಳೊಂದಿಗೆ ನನಗೆ ಜಗಳವಿಲ್ಲ. ಜಗಳವಿರುವುದು ಅವರು ಎಣಿಕೆ ಶುರುಮಾಡುವ ಜಾಗದ ಬಗ್ಗೆ. ಅವರ ಕಥೆ ಆ ಏಳು ಗ್ರಾಂ ಬಿಲ್ಲೆಯಿಂದ ಆರಂಭವಾಗುತ್ತದೆ. ಆ ಬಿಲ್ಲೆಗೆ ಐವತ್ತು ಗ್ರಾಂಗೂ ಮಿಗಿಲಾದ ನೈಸರ್ಗಿಕ ಯುರೇನಿಯಂ ಬೇಕು. ಸಾವಿರಕ್ಕೆ ಒಂದು ಭಾಗ ಯುರೇನಿಯಂ ಇರುವ ಅದಿರಾದರೆ ಅರವತ್ತು ಕಿಲೋ ಆಸುಪಾಸು ಕಲ್ಲನ್ನು ಅಗೆದು, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಬೇಕು. ಒಂದು ಟನ್ ಕಲ್ಲಿದ್ದಲಿಗಿಂತ ಇದು ಕಡಿಮೆಯೇ, ಒಪ್ಪುತ್ತೇನೆ. ಆದರೆ ಯುರೇನಿಯಂ ತೆಗೆದ ಮೇಲೆ ಉಳಿಯುವ ಕೆಸರಿನಲ್ಲಿ ಅದಿರಿನ ಮೂಲ ವಿಕಿರಣದ ಶೇ 85ರಷ್ಟು ಹಾಗೆಯೇ ಕುಳಿತಿರುತ್ತದೆ. ರೇಡಿಯಂ, ಥೋರಿಯಂ ಅಲ್ಲೇ ಉಳಿದು ರೇಡಾನ್ ಅನಿಲವನ್ನು ಉಗುಳುತ್ತಿರುತ್ತವೆ. ಈ ಕೆಸರು ಇರುವುದು ವಿದ್ಯುತ್ ಬಳಸುವವರ ಊರಿನಲ್ಲಲ್ಲ.

ಅಮೆರಿಕದ ನೈಋತ್ಯದಲ್ಲಿರುವ ನವಾಹೊ ಮೂಲನಿವಾಸಿಗಳ ನೆಲದಿಂದ 1944ರಿಂದ 1986ರವರೆಗೆ ಸುಮಾರು ಮೂರು ಕೋಟಿ ಟನ್ ಅದಿರು ತೆಗೆದರು. ಗಣಿಯೊಳಗೆ ಸರಿಯಾದ ಗಾಳಿಯಾಟವಿರಲಿಲ್ಲ. ರೇಡಾನ್‌ನಿಂದ ಏನಾಗುತ್ತದೆ ಎಂಬುದು ಆಗ ಯಾರಿಗೂ ತಿಳಿಯದ ಗುಟ್ಟಾಗಿತ್ತೇ? ಇಲ್ಲ. ಜರ್ಮನಿಯ ಶ್ನೀಬರ್ಗ್ ಗಣಿಗಾರರನ್ನು ಕಾಡುತ್ತಿದ್ದ ಎದೆಯ ರೋಗ ಶ್ವಾಸಕೋಶದ ಗಂತಿಯೆಂದು 1879ರಲ್ಲೇ ವೈದ್ಯರು ಬರೆದಿದ್ದರು. 1950ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಯುರೇನಿಯಂ ಗಣಿಗಾರರ ಮೇಲೆ ಅಧ್ಯಯನ ಆರಂಭಿಸಿತು, ಆದರೆ ಅಪಾಯವೇನೆಂದು ಅವರಿಗೆ ಹೇಳಲಿಲ್ಲ. ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ಮುಚ್ಚದೆ ಬಿಟ್ಟುಹೋದ ಐನೂರಕ್ಕೂ ಹೆಚ್ಚು ಗಣಿಗಳು ಆ ನೆಲದಲ್ಲಿವೆ.

1979ರ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ನಡೆದ ಅವಘಡ ಎಲ್ಲರಿಗೂ ಗೊತ್ತು. ಅದೇ ವರ್ಷ ಜುಲೈನಲ್ಲಿ ನ್ಯೂ ಮೆಕ್ಸಿಕೊದ ಚರ್ಚ್ ರಾಕ್ ಎಂಬಲ್ಲಿ ಕೆಸರಿನ ಕಟ್ಟೆಯೊಡೆದು ಸಾವಿರ ಟನ್‌ಗೂ ಮಿಕ್ಕಿದ ಘನ ತ್ಯಾಜ್ಯ ಮತ್ತು ಅಪಾರ ಆಮ್ಲೀಯ ನೀರು ಪುರ್ಕೊ ನದಿಗೆ ನುಗ್ಗಿತು. ತ್ರೀ ಮೈಲ್ ಐಲ್ಯಾಂಡ್‌ಗಿಂತ ಹೆಚ್ಚು ವಿಕಿರಣ ಹೊರಬಿದ್ದ ಘಟನೆಯದು. ಒಂದು ಕಡೆ ನಗರಗಳು ಹತ್ತಿರವಿದ್ದವು, ಇನ್ನೊಂದು ಕಡೆ ಕುರಿ ಮೇಯಿಸುವವರಿದ್ದರು. ಯಾವುದು ಜಗತ್ತಿಗೆ ಸುದ್ದಿಯಾಯಿತು ಎಂದು ಬೇರೆ ಹೇಳಬೇಕಿಲ್ಲ.

ಚೆರ್ನೋಬಿಲ್‌ನ 4,000ದ ಅಂದಾಜಿನಲ್ಲೂ ಇದೇ ಕುಶಲತೆ. ಅದು ಅತಿ ಹೆಚ್ಚು ವಿಕಿರಣಕ್ಕೆ ಸಿಕ್ಕ ಸುಮಾರು ಆರು ಲಕ್ಷ ಜನರಿಗೆ ಮಾತ್ರ ಸಂಬಂಧಿಸಿದ್ದು. ಹಾಲಿನ ಮೂಲಕ ವಿಕಿರಣಶೀಲ ಅಯೋಡಿನ್-131 ಹೊಟ್ಟೆ ಸೇರಿ ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳ ಸಂಖ್ಯೆಯೇ ಸಾವಿರಗಳಲ್ಲಿದೆ. ಹೆಚ್ಚಿನವರು ಬದುಕುಳಿದಿದ್ದರಿಂದ ಅವರು ಸಾವಿನ ಪಟ್ಟಿಯಲ್ಲಿ ಬರುವುದಿಲ್ಲ. ಇನ್ನು ಫುಕುಶಿಮಾದಲ್ಲಿ ಕೊಂದದ್ದು ಸ್ಥಳಾಂತರವೇ ಹೊರತು ವಿಕಿರಣವಲ್ಲ ಎನ್ನುವ ವಾದ ನನ್ನನ್ನು ರೇಗಿಸುತ್ತದೆ. ಸ್ಥಾವರ ಕೆಡದಿದ್ದರೆ ಆ ಮುದುಕರನ್ನು ಆಸ್ಪತ್ರೆಯ ಹಾಸಿಗೆಯಿಂದೆಬ್ಬಿಸಿ ಬಸ್ಸಿಗೆ ಹತ್ತಿಸುವ ಪ್ರಸಂಗ ಬರುತ್ತಿತ್ತೇ?

ಬಾಂಬಿನ ಪ್ರಶ್ನೆ ಸಿಡಿತಲೆಗಳನ್ನು ಕರಗಿಸಿದ ಕಥೆಯಿಂದ ಮುಗಿಯುವಂಥದ್ದಲ್ಲ. ಎರಡು ಸರ್ಕಾರಗಳು ಒಪ್ಪಿದಷ್ಟು ಕಾಲ ಅದು ನಡೆಯಿತು, ಆಮೇಲೆ ನಿಂತಿತು. ಯುರೇನಿಯಂ-235ರ ಪಾಲನ್ನು ವಿದ್ಯುತ್ತಿಗೆಂದು ಶೇ 4ಕ್ಕೆ ಏರಿಸುವ, ಅತಿ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳೇ ಅದನ್ನು ಬಾಂಬಿಗೆಂದು ಶೇ 90ಕ್ಕೂ ಏರಿಸಬಲ್ಲವು. ಅಷ್ಟೇ ಅಲ್ಲ, ಶೇ 4 ತಲುಪಿದವನು ಶೇ 90ಕ್ಕೆ ಬೇಕಾದ ಶ್ರಮದ ಹೆಚ್ಚಿನ ಪಾಲನ್ನು ಆಗಲೇ ಮುಗಿಸಿರುತ್ತಾನೆ. ಇದು ಕಲ್ಪನೆಯಲ್ಲ. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ನಾಗರಿಕ ಇಂಧನ ಉದ್ಯಮದಲ್ಲಿದ್ದ ಅಬ್ದುಲ್ ಖದೀರ್ ಖಾನ್ ಅಲ್ಲಿನ ಸೆಂಟ್ರಿಫ್ಯೂಜ್ ವಿನ್ಯಾಸಗಳನ್ನು ಪಾಕಿಸ್ತಾನಕ್ಕೆ ಒಯ್ದರು. ಅವರ ಜಾಲದಿಂದ ಆ ತಂತ್ರಜ್ಞಾನ ಇರಾನ್, ಲಿಬಿಯಾ, ಉತ್ತರ ಕೊರಿಯಾಗಳಿಗೆ ಹೋಯಿತು. ಹಿರೋಶಿಮಾದ ಬಾಂಬಿನಲ್ಲಿದ್ದದ್ದು ಸುಮಾರು 64 ಕಿಲೋ ಯುರೇನಿಯಂ. ಅದರಲ್ಲಿ ಸೀಳಿದ್ದು ಒಂದು ಕಿಲೋಗೂ ಕಡಿಮೆ. ಹೀಗೆ ಪಾಲು ಏರಿಸಿದ ನಂತರ ಉಳಿಯುವ ಯುರೇನಿಯಂಗೂ ಯುದ್ಧವೇ ಗಿರಾಕಿ: ಸೀಸಕ್ಕಿಂತ ಬಹಳ ಭಾರವಾದ ಆ ಲೋಹದ ಗುಂಡುಗಳನ್ನು 1991ರ ಕೊಲ್ಲಿ ಯುದ್ಧದಲ್ಲಿ ಟ್ಯಾಂಕ್ ಸೀಳಲು ಬಳಸಿದರು. ರಿಯಾಕ್ಟರ್ ತಾನೇ ಯುದ್ಧಭೂಮಿಯಾಗುವುದೂ ಈಗ ಕಂಡ ಸಂಗತಿ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಆರು ರಿಯಾಕ್ಟರ್‌ಗಳ ಝಪೊರಿಝಿಯಾ ಸ್ಥಾವರವನ್ನು ರಷ್ಯಾದ ಸೇನೆ ವಶಪಡಿಸಿಕೊಂಡಿತು.

ಫ್ರಾನ್ಸಿನ 1974ರ ವೇಗವನ್ನು ಹೊಗಳುವವರು ಅದೇ ಫ್ರಾನ್ಸಿನ ಫ್ಲಾಮನ್‌ವಿಲ್ ಬಗ್ಗೆ ಏಕೋ ಮಾತನಾಡುವುದಿಲ್ಲ. 2007ರಲ್ಲಿ ಕೆಲಸ ಆರಂಭವಾದ ಆ ರಿಯಾಕ್ಟರ್ ವಿದ್ಯುತ್ ಜಾಲಕ್ಕೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. 330 ಕೋಟಿ ಯೂರೋ ಎಂದಿದ್ದ ಅಂದಾಜು 1,300 ಕೋಟಿ ದಾಟಿತು. ಫಿನ್ಲೆಂಡಿನ ಒಲ್ಕಿಲುಒಟೊದ ಹೊಸ ರಿಯಾಕ್ಟರಿನ ಕೆಲಸ 2005ರಿಂದ 2023ರವರೆಗೆ ತೆವಳಿತು. ಕಲ್ಲಿದ್ದಲನ್ನು ಬೇಗ ಬಿಡಬೇಕಾದ ಜಗತ್ತಿಗೆ ಹದಿನೇಳು ಹದಿನೆಂಟು ವರ್ಷ ಕಾಯುವುದು ಎಂಥ ಪರಿಹಾರ? ಗಾಳಿಯ ಚಂಚಲತೆಯನ್ನು ಆಡಿಕೊಳ್ಳುವವರು 2022ನ್ನೂ ನೆನೆಯಲಿ: ಕೊಳವೆಗಳಲ್ಲಿ ಬಿರುಕು ಕಂಡು ಫ್ರಾನ್ಸಿನ ಹಲವು ರಿಯಾಕ್ಟರ್‌ಗಳು ಒಟ್ಟಿಗೇ ನಿಂತು, ಅಣು ವಿದ್ಯುತ್ ಉತ್ಪಾದನೆ ಮೂರು ದಶಕಗಳಲ್ಲೇ ಕನಿಷ್ಠಕ್ಕೆ ಇಳಿಯಿತು.

ತ್ಯಾಜ್ಯ ಎಲ್ಲಿದೆಯೆಂದು ಗೊತ್ತು ಎನ್ನುತ್ತಾರೆ. ಹೌದು, ಅಮೆರಿಕದ್ದು ಎಲ್ಲಿದೆಯೆಂದು ಚೆನ್ನಾಗಿ ಗೊತ್ತು: ಹುಟ್ಟಿದ ಸ್ಥಾವರಗಳ ಹಿತ್ತಲಲ್ಲೇ. ತ್ಯಾಜ್ಯ ಹೂಳಲು 1987ರಲ್ಲಿ ಗೊತ್ತುಮಾಡಿದ ಯಕ್ಕಾ ಬೆಟ್ಟದ ಯೋಜನೆ ರಾಜಕೀಯದ ಹಗ್ಗಜಗ್ಗಾಟದಲ್ಲಿ ಬಿದ್ದುಹೋಯಿತು. ಓಕ್ಲೊದ ಬಂಡೆ ಚುನಾವಣೆಗೆ ನಿಂತಿರಲಿಲ್ಲ. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯ 24,000 ವರ್ಷ, ಯಾವ ಸರ್ಕಾರದ ಅವಧಿಗೂ ಅದು ಹೊಂದುವುದಿಲ್ಲ.

ರೋಗಪತ್ತೆಗೆ ಬೇಕಾದ ಯುರೇನಿಯಂ ಅತ್ಯಲ್ಪ, ಅದರ ಬಗ್ಗೆ ತಕರಾರಿಲ್ಲ. ಓಡುತ್ತಿರುವ ಸುಸ್ಥಿತಿಯ ರಿಯಾಕ್ಟರ್ ಮುಚ್ಚಿ ಕಲ್ಲಿದ್ದಲು ಸುಡುವುದು ಮೂರ್ಖತನ, ಅದನ್ನೂ ಒಪ್ಪುತ್ತೇನೆ. ಹೊಸದನ್ನು ಕಟ್ಟುವವರಿಗೆ ಮಾತ್ರ ನನ್ನದೊಂದು ಷರತ್ತು. ಪೂರ್ವ ಜರ್ಮನಿಯ ವಿಸ್ಮುಟ್ ಗಣಿಗಳು 1946ರಿಂದ 1990ರವರೆಗೆ ಸೋವಿಯತ್ ಒಕ್ಕೂಟಕ್ಕೆ ಯುರೇನಿಯಂ ಕೊಟ್ಟವು. ಒಕ್ಕೂಟ ಮುಳುಗಿತು, ಆ ಗಣಿಗಳನ್ನು ಶುಚಿಗೊಳಿಸಲು 600 ಕೋಟಿ ಯೂರೋಗೂ ಹೆಚ್ಚು ಹಣ ತೆತ್ತವರು ಏಕೀಕೃತ ಜರ್ಮನಿಯ ತೆರಿಗೆದಾರರು. ಗಣಿ ಮುಚ್ಚುವ ಖರ್ಚು, ಗಣಿಗಾರರ ಚಿಕಿತ್ಸೆ, ತ್ಯಾಜ್ಯದ ಕಾವಲು, ಇಷ್ಟನ್ನೂ ಮೊದಲ ದಿನದಿಂದಲೇ ವಿದ್ಯುತ್ ದರದಲ್ಲಿ ವಸೂಲಿ ಮಾಡಿ ಬೇರೆ ನಿಧಿಯಲ್ಲಿಡಲಿ. ಅಷ್ಟು ಮಾಡಿದ ಮೇಲೂ ಅದು ಅಗ್ಗವೆನಿಸಿದರೆ ಆಗ ಮತ್ತೆ ಮಾತನಾಡಲು ನಾನು ಸಿದ್ಧ.