ಡಬ್ಬಿ ಜೋಪಾನ ಮಾಡಿ ಸರ್

ದುಬಾರಿ ವಾಚು ಕೊಂಡಿಟ್ಟರೆ ಬಂಗಾರದ ಹಾಗೆ ಬೆಲೆ ಏರುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ರೋಲೆಕ್ಸ್, ಪಾಟೆಕ್ ಫಿಲಿಪ್‌ನ ಕೆಲವು ಮಾಡೆಲ್‌ಗಳಿಗೆ ಆ ಮಾತು ಸರಿ. ಉಳಿದ ಹೆಚ್ಚಿನವು ಅಂಗಡಿ ಮೆಟ್ಟಿಲು ಇಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ನಾನು ಆಸೆಪಟ್ಟು ತಗೊಂಡ ಸ್ವಿಸ್ ಆಟೋಮ್ಯಾಟಿಕ್ (ಕೈ ಅಲುಗಾಟಕ್ಕೆ ತಾನೇ ಕೀಲಿ ತುಂಬಿಕೊಳ್ಳುವ ವಾಚು) ಮಾರಲು ಹೋದಾಗ ಡಬ್ಬಿ, ವಾರಂಟಿ ಕಾರ್ಡ್ ಎಲ್ಲಿ ಅಂದರು. ಡಬ್ಬಿಯಲ್ಲಿ ಮನೆಯವಳು ಸೂಜಿ-ದಾರ ಇಟ್ಟಿದ್ದಳು! ಕಾರ್ಡ್ ಪತ್ತೆಯೇ ಇಲ್ಲ. ಅರ್ಧ ಬೆಲೆಗೂ ಕೇಳಲಿಲ್ಲ, ವಾಪಸ್ ತಂದೆ.

ಸರ್ವಿಸ್ ಖರ್ಚಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಇಂಥ ವಾಚಿನ ಒಳಗಿನ ಎಣ್ಣೆ ಒಣಗುತ್ತದೆ, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಬೇಕು. ಎರಡು-ಮೂರು ದಿನ ಕಟ್ಟದೆ ಕಪಾಟಿನಲ್ಲಿಟ್ಟರೆ ಸುಮ್ನೆ ನಿಂತುಬಿಡುತ್ತದೆ. ಹತ್ತು ವಾಚು ಇಟ್ಟವರ ಗತಿ?

ನಮ್ಮಪ್ಪನದು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಶುರು ಮಾಡಿದ ಕಂಪನಿ ಅಲ್ವಾ ಅದು. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಕೀಲಿ ಕೊಡುತ್ತಾರೆ, ಈಗಲೂ ಓಡುತ್ತಿದೆ. ಬೆಳಗಾವಿ ಖಡೇಬಜಾರಿನಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ರಿಪೇರಿ ಕಾಕಾ ಅದನ್ನು ಕಿವಿಗೆ ಹಿಡಿದು, "ಏನೂ ಆಗಿಲ್ಲರೀ, ಗಾಜು ಅಷ್ಟ ಬದಲಿ ಮಾಡೂಣು" ಅಂದರು. ನನ್ನ ಸ್ವಿಸ್ ವಾಚಿನ ಮುಚ್ಚಳ ಬಿಚ್ಚಲೂ ಒಪ್ಪಲಿಲ್ಲ. "ಇದರ ಸಾಮಾನು ನಮಗ ಸಿಗೂದಿಲ್ಲರೀ."