ಎರಡೂ ಕಾಲು ನೆಲಕ್ಕೆ ಸಿಗಬೇಕು

18 ತುಂಬಿದ ಮರುದಿನವೇ ಅಕ್ಕನ ಮಗ ಮೊಬೈಲ್ ತಂದು ನನ್ನ ಮುಖಕ್ಕೆ ಹಿಡಿದ. "ಮಾವ, ಇದು ಹೇಗಿದೆ?" ನೋಡಿದರೆ ರಾಯಲ್ ಎನ್‌ಫೀಲ್ಡ್ ಬೈಕು, ಕ್ಲಾಸಿಕ್ 350. ಅದನ್ನು ಚೆನ್ನಾಗಿಲ್ಲ ಅನ್ನೋಕೆ ನನಗೂ ಬಾಯಿ ಬರಲಿಲ್ಲ. ಆದರೆ ಅದರ ತೂಕ 195 ಕೆಜಿ, ಹುಡುಗನದು 55. ಅವನ ಮನೆ ಇರೋದು ಕೊಡಗಿನ ಮೂರ್ನಾಡು ಕಡೆ, ಗೇಟಿನಿಂದ ಅಂಗಳಕ್ಕೆ ಕಡಿದಾದ ಏರು. ಅಂಗಳದಲ್ಲಿ ಜೀಪು ನಿಂತಿದ್ದರೆ ಆ ಏರಿನಲ್ಲೇ ಬೈಕು ತಿರುಗಿಸಬೇಕು. "ತಿರುಗಿಸ್ತೀಯಾ?" ಅಂದೆ. ಮುಖ ಸಪ್ಪಗಾಯಿತು.

ಶೋರೂಮಿನ ಟೈಲ್ಸ್ ಮೇಲೆ ಕೂತರೆ ಎಲ್ಲರ ಕಾಲೂ ನೆಲ ಮುಟ್ಟುತ್ತದೆ. ನಮ್ಮ ರಸ್ತೆಯ ಕಥೆ ಬೇರೆ. ಎದುರಿಂದ ಆಳುಗಳನ್ನು ತುಂಬಿಕೊಂಡ ತೋಟದ ಜೀಪು ಬಂತು ಅಂದುಕೊಳ್ಳಿ, ಟಾರು ಬಿಟ್ಟು ಅಂಚಿಗೆ ಇಳಿಯಲೇಬೇಕು, ಇಳಿದು ನಿಲ್ಲಿಸಿ ಎಡಗಾಲು ಊರಲು ಹೋದರೆ ಅಲ್ಲಿ ನೆಲವೇ ಇರುವುದಿಲ್ಲ. ಮಳೆನೀರು ಕೊರೆದ ಚರಂಡಿ, ಅದರ ಮೇಲೆ ಹುಲ್ಲು. ಕಾಲು ನೆಲ ಹುಡುಕುವಷ್ಟರಲ್ಲಿ ಬೈಕು ವಾಲಿರುತ್ತದೆ. ಪೂರ್ತಿ ವಾಲಿದ ಮೇಲೆ ಅದನ್ನು ತೋಳಿನಲ್ಲಿ ತಡೆದವರನ್ನು ನಾನಂತೂ ನೋಡಿಲ್ಲ. ನಾನು 5 ಅಡಿ 4 ಇಂಚು. ನನಗೆ ಇದು ಮೂರು ಸಲ ಆಗಿದೆ. ಮೂರೂ ಸಲ ಜೀಪಿನವರೇ ಇಳಿದು ಬೈಕು ಎತ್ತಿಕೊಟ್ಟರು. ನಕ್ಕರು ಕೂಡ.

ಸೀಟಿನ ಎತ್ತರವನ್ನು ಕಾಗದದಲ್ಲಿ ನೋಡಿದರೆ ಮೋಸ ಹೋಗ್ತೀವಿ. ಸ್ಪ್ಲೆಂಡರ್‌ನದು 785 ಮಿಲಿಮೀಟರ್, ಕ್ಲಾಸಿಕ್‌ನದು 805. ಹೆಚ್ಚು ಕಡಿಮೆ ಒಂದು ಹೆಬ್ಬೆರಳಿನಷ್ಟು ಫರಕು, ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ ಅಗಲದ ಸೀಟು ತೊಡೆಗಳನ್ನು ದೂರ ಮಾಡುತ್ತದೆ, ಅಲ್ಲೇ ಇನ್ನೊಂದಿಷ್ಟು ಕಾಲು ಖರ್ಚಾಗಿ ಹೋಗುತ್ತದೆ.

ನಾನು ಕಲಿತದ್ದು ಚಿಕ್ಕಪ್ಪನ ಸ್ಪ್ಲೆಂಡರ್‌ನಲ್ಲಿ, ಅವರ ಕಾಫಿ ಒಣಗಿಸುವ ಕಣದಲ್ಲಿ. ಕೊಡಗಿನಲ್ಲಿ ಸಮತಟ್ಟು ಜಾಗ ಅಂದರೆ ಒಂದು ಕಣ, ಇಲ್ಲ ಕೊಯ್ಲಾದ ಗದ್ದೆ. ಉಳಿದದ್ದೆಲ್ಲ ಏರು ಅಥವಾ ಇಳಿಜಾರು. ಚಿಕ್ಕಪ್ಪ ಮೊದಲ ದಿನ ಕೀಲಿಯನ್ನೇ ಕೊಡಲಿಲ್ಲ. ಇಂಜಿನ್ ಆಫ್ ಮಾಡಿಕೊಂಡು ಕಣದ ಸುತ್ತ ಬೈಕು ತಳ್ಳಿಸಿದರು, ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು. ಇದೇನು ಶಿಕ್ಷೆಯಾ ಅಂದುಕೊಂಡೆ. ಬೈಕಿನ ಭಾರ ಯಾವ ಕಡೆ ವಾಲುತ್ತೆ, ಎಷ್ಟರ ತನಕ ತಡೆಯಬಹುದು ಅನ್ನೋದು ಅವತ್ತೇ ಕೈಗೆ ಗೊತ್ತಾಗಿತ್ತು, ತಲೆಗೆ ಗೊತ್ತಾಗೋಕೆ ವರ್ಷ ಬೇಕಾಯಿತು.

ಎರಡನೇ ದಿನ ಕ್ಲಚ್. ಎಕ್ಸಿಲೇಟರ್ ಮುಟ್ಟಬಾರದು. ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ, ಬೈಕು ತಾನಾಗಿ ಮುಂದಕ್ಕೆ ಎಳೆಯುವ ಜಾಗ ಎಲ್ಲಿದೆ ಅಂತ ಹುಡುಕಬೇಕು, ಸಿಕ್ಕ ಕೂಡಲೇ ಮತ್ತೆ ಒತ್ತಬೇಕು. ಇಡೀ ಮಧ್ಯಾಹ್ನ ಅದೇ. ಮೂರನೇ ದಿನ ಚಿಕ್ಕಪ್ಪ ತಮ್ಮ ಒಂದು ಹವಾಯಿ ಚಪ್ಪಲಿ ಕಳಚಿ ಕಣದ ಮಧ್ಯೆ ಇಟ್ಟರು. "ಮುಂದಿನ ಚಕ್ರ ಇದಕ್ಕೆ ತಾಗಬೇಕು, ಹತ್ತಬಾರದು." ಹತ್ತಿಸಿದೆ. ಮತ್ತೆ ಹತ್ತಿಸಿದೆ. ಸಂಜೆ ಹೊತ್ತಿಗೆ ಚಪ್ಪಲಿಯ ಉಂಗುಷ್ಟವೇ ಕಿತ್ತು ಬಂತು. ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಅವರು ಮನೆಗೆ ನಡೆದರು, ಚಿಕ್ಕಮ್ಮ ಏನೂ ಕೇಳಲಿಲ್ಲ.

ಬಿದ್ದದ್ದೂ ಅಲ್ಲೇ. ಮಳೆಗಾಲ ಮುಗಿದು ಸ್ವಲ್ಪ ದಿನ ಆಗಿತ್ತು, ಕಣದ ಸಿಮೆಂಟಿನ ಮೇಲೆ ಒಂದು ಕಡೆ ಪಾಚಿ ಒಣಗಿ ಕಪ್ಪಾಗಿತ್ತು. ಬೆಳಗಿನ ಮಂಜಿಗೆ ಅದು ಮತ್ತೆ ಜೀವ ಹಿಡಿದದ್ದು ನನಗೆ ಗೊತ್ತಾಗಲಿಲ್ಲ. ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದೆ. ಬೈಕು ಕೆಳಗಿತ್ತು, ನಾನೂ ಕೆಳಗಿದ್ದೆ, ಮಧ್ಯದಲ್ಲಿ ಏನಾಯಿತು ಅಂತ ಇವತ್ತಿಗೂ ಹೇಳೋಕಾಗಲ್ಲ. ಅಲ್ಲಿಂದ ನಾಲ್ಕೈದು ತಿಂಗಳು ನಾನು ಹಿಂದಿನ ಬ್ರೇಕ್ ಮಾತ್ರ ತುಳಿದೆ. ತಪ್ಪು ಅದೇ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಗುರಾದ ಹಿಂದಿನ ಚಕ್ರ ಸುಮ್ನೆ ಜಾರುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನದೇ. ನೇರ ಇರುವಾಗ, ಮೆಲ್ಲಗೆ ಹಿಂಡಿದ ಹಾಗೆ ಹಿಡಿಯಬೇಕು. 2019ರಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಗಿದೆ, ಚಕ್ರ ಲಾಕ್ ಆಗದ ಹಾಗೆ ಅದು ನೋಡಿಕೊಳ್ಳುತ್ತದೆ. ಹಾಗಂತ ತೇವದ ಸಿಲ್ವರ್ ಓಕ್ ಎಲೆಗಳ ಮೇಲೆ ಅದು ಹಿಡಿತ ಹುಟ್ಟಿಸಿಕೊಡಲ್ಲ. ಇಲ್ಲದ್ದನ್ನು ಯಾವ ಯಂತ್ರ ಕೊಡುತ್ತೆ?

ಇಳಿಜಾರಿನ ಒಂದು ಕೆಟ್ಟ ಅಭ್ಯಾಸವೂ ನನಗಿತ್ತು. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ಗೆ ಹಾಕಿ ಬಿಡುತ್ತಿದ್ದೆ. ಮದೆನಾಡು ದಾಟುವ ತನಕ ಬಲು ಸುಖ. ಆಮೇಲೆ ಬ್ರೇಕ್ ಕಾದು, ಎಷ್ಟು ಹಿಡಿದರೂ ಸೊರಗಿದ ಹಾಗೆ ಆಗುತ್ತದೆ. ಮುಂದೆ ಲಾರಿ, ಪಕ್ಕದಲ್ಲಿ ಕಮರಿ. ಒಂದು ಸಲ ಹಾಗಾದ ಮೇಲೆ ಬುದ್ಧಿ ಬಂತು. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿದರೆ ಅರ್ಧ ಕೆಲಸ ಇಂಜಿನ್ನೇ ಮಾಡುತ್ತದೆ. ಉಳಿಸಿದ ಪೆಟ್ರೋಲ್ ಎಷ್ಟು ಅಂತ ಲೆಕ್ಕ ಹಾಕಿದರೆ ಒಂದು ಕಾಫಿಗೂ ಆಗುತ್ತಿರಲಿಲ್ಲ ಅನ್ನಿ.

ಆನೆ ವಿಷಯ ಹೇಳದಿದ್ದರೆ ಕೊಡಗಿನವರು ಒಪ್ಪಲ್ಲ. ಸಿದ್ದಾಪುರ ಕಡೆ ತೋಟಗಳ ನಡುವೆ, ತಿತಿಮತಿ ದಾಟಿ ಆನೆಚೌಕೂರು ಕಾಡಿನಲ್ಲಿ, ತಿರುವಿನಾಚೆ ಏನು ನಿಂತಿರುತ್ತೋ ಯಾರಿಗೆ ಗೊತ್ತು. ಜೀಪಾದರೆ ರಿವರ್ಸ್ ಹಾಕಬಹುದು. ಬೈಕಿಗೆ ರಿವರ್ಸ್ ಗೇರ್ ಎಲ್ಲಿದೆ? ಅದಕ್ಕೇ ಅಂಥ ಕಡೆ ತಿರುವಿಗೆ ಮೊದಲೇ ನಿಧಾನ ಮಾಡಬೇಕು, ಕಂಡರೆ ದೂರದಲ್ಲೇ ನಿಲ್ಲಬೇಕು, ಹಾರ್ನ್ ಮುಟ್ಟಬಾರದು, ಮತ್ತೆ ಅದೇ ಇಕ್ಕಟ್ಟು ರಸ್ತೆಯಲ್ಲಿ ಕಾಲೂರಿ ಬೈಕು ತಿರುಗಿಸಿಕೊಂಡು ಬರಬೇಕು. ನೋಡಿ, ಮತ್ತೆ ಕಾಲಿಗೇ ಬಂತು ಮಾತು.

ಕೊನೆಗೆ ಹುಡುಗನಿಗೆ ಸಿಕ್ಕಿದ್ದು ಒಂದು ಸೆಕೆಂಡ್ ಹ್ಯಾಂಡ್ 125 ಸಿಸಿ ಬೈಕು. ನಮ್ಮ ಕೊಡಗಿನದೇ ಕೆಎ 12 ನಂಬರ್, ಟ್ಯಾಂಕಿನ ಮೇಲೆ ಮೊದಲೇ ಒಂದು ಗೀರು. ಅದೇ ಒಳ್ಳೇದು ಅಂದೆ ನಾನು, ಹೊಸ ಬೈಕಿಗೆ ಮೊದಲ ಗೀರು ಬಿದ್ದ ದಿನ ಮನೆಯಲ್ಲಿ ಸೂತಕ. ಉಳಿದ ದುಡ್ಡಿಗೆ ಐಎಸ್ಐ ಗುರುತಿನ ಹೆಲ್ಮೆಟ್, ಎರಡು ಹೊಸ ಟೈರು, ರೇನ್‌ಕೋಟ್. ಹೆಲ್ಮೆಟ್ಟನ್ನು ಅಂಗಡಿಯಲ್ಲೇ ಹಾಕಿಸಿ, ಬೆಲ್ಟ್ ಬಿಗಿಸಿ, ಹಿಂದಿನಿಂದ ಎತ್ತಿ ನೋಡಿದೆ. ಮೊದಲ ಎರಡು ಸುಲಭವಾಗಿ ತಲೆಯಿಂದ ಕಳಚಿ ಬಂದವು. ಮೂರನೆಯದು ಕೆನ್ನೆಯನ್ನು ಒತ್ತಿ ಹಿಡಿಯಿತು. "ಬಿಗಿ ಆಯ್ತು ಮಾವ" ಅಂದ. ಅದನ್ನೇ ತಗೊಂಡೆವು.

ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, ಕೈಗೆ ಬಂದಿದೆ. 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟು, ಅಲ್ಲಿ ಕಾಲು ಕೆಳಗಿಡದೆ ಎಂಟರ ಆಕಾರದಲ್ಲಿ ಬೈಕು ಓಡಿಸಬೇಕು. ಅಲ್ಲಿಯ ತನಕ ಕೆಂಪು ಎಲ್ ಬೋರ್ಡು, ಹಿಂದೆ ಗೆಳೆಯರನ್ನು ಕೂರಿಸುವ ಹಾಗಿಲ್ಲ. ಕೂರೋದಾದರೆ ಕಲಿಸುವ ನಾನೇ. ಈ ಭಾನುವಾರದಿಂದ ಚಿಕ್ಕಪ್ಪನ ಕಣಕ್ಕೆ ಬರಲು ಹೇಳಿದ್ದೇನೆ. ಪಾಚಿ ಉಜ್ಜಿಸಿ ಆಗಿದೆ. ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ ಹರಡುತ್ತಾರೆ, ಆಮೇಲೆ ಅಲ್ಲಿ ಬರಿಗಾಲಲ್ಲಿ ಹೋಗೋಕೂ ಚಿಕ್ಕಮ್ಮ ಬಿಡಲ್ಲ. ಹಳೇ ಚಪ್ಪಲಿ ಒಂದು ಹುಡುಕಿ ಇಟ್ಟಿದ್ದೇನೆ.